ಗ್ಯಾರೇಜಿನಲ್ಲಿ ಮರೆತ ಟ್ಯುಲಿಪ್ ಗಡ್ಡೆಗಳನ್ನು ಜನವರಿಯಲ್ಲಿ ನೆಡಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಅಕ್ಟೋಬರಿನಲ್ಲಿ 60 ಟ್ಯುಲಿಪ್, 30 ಡ್ಯಾಫೊಡಿಲ್, 12 ಹಯಸಿಂತ್, 50 ಕ್ರೋಕಸ್ ಗಡ್ಡೆಗಳನ್ನು ತಂದಿದ್ದೆ. ನವರಾತ್ರಿ ಕಳೆಯಲಿ, ದೀಪಾವಳಿ ಕಳೆಯಲಿ ಎಂದು ಮುಂದೂಡಿದೆ. ಅಷ್ಟರಲ್ಲಿ ಅತ್ತೆಯವರಿಗೆ ಹುಷಾರಿಲ್ಲದೆ ಮೈಸೂರಿಗೆ ಹೋಗಬೇಕಾಯಿತು. ಜನವರಿ ಎರಡನೇ ವಾರ ವಾಪಸ್ಸು ಬಂದು ನೋಡಿದರೆ ಎಲ್ಲವೂ ಹಾಗೇ ಇವೆ. 30 ಟ್ಯುಲಿಪ್ ಮತ್ತು ಡ್ಯಾಫೊಡಿಲ್ ಗ್ಯಾರೇಜಿನ ಕಪಾಟಿನಲ್ಲಿದ್ದವು; ಉಳಿದ 30 ಟ್ಯುಲಿಪ್, ಹಯಸಿಂತ್, ಕ್ರೋಕಸ್ ಬೇಸ್‌ಮೆಂಟಿನಲ್ಲಿ, ಮನೆ ಬಿಸಿಮಾಡುವ ಫರ್ನೆಸ್ ಪಕ್ಕ. ಕೆಲವು ಮೊಳೆತಿವೆ, ಕೆಲವಕ್ಕೆ ನೀಲಿ ಬೂಷ್ಟು ಹಿಡಿದಿದೆ. ಹಿತ್ತಲಿನ ಮಣ್ಣು ಮೇಲ್ಗಡೆ ಕಲ್ಲಾಗಿದೆ. ನಮ್ಮ ಮನೆಯವರು ‘ಬರುವ ಅಕ್ಟೋಬರಿಗೆ ಎತ್ತಿಡು’ ಎನ್ನುತ್ತಾರೆ. ಬೆಂಗಳೂರಿನ ತಂಗಿ ತನಗೂ ಒಂದು ಹತ್ತು ಬೇಕು ಎನ್ನುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ನೆಟ್ಟುಬಿಡಿ. ಈ ವಾರವೇ ಆದರೆ ಒಳ್ಳೆಯದು. ಬರುವ ಅಕ್ಟೋಬರಿನ ಮಾತು ಬೇಡವೇ ಬೇಡ.

ಡಬ್ಬಿಯಲ್ಲಿ ಕಟ್ಟಿಟ್ಟು ಮುಂದಿನ ವರ್ಷ ತೆಗೆಯಲು ಗಡ್ಡೆ ಎಂದರೆ ಬೀಜವಲ್ಲ. ಅದು ಉಸಿರಾಡುತ್ತಿರುವ ಗಿಡ. ಕಪಾಟಿನಲ್ಲಿ ಕೂತಷ್ಟು ದಿನವೂ ತನ್ನ ಪದರಗಳಲ್ಲಿ ಕೂಡಿಟ್ಟ ಪಿಷ್ಟವನ್ನು ತಾನೇ ಕರಗಿಸಿಕೊಳ್ಳುತ್ತ, ನೀರನ್ನು ಇಷ್ಟಿಷ್ಟೇ ಕಳೆದುಕೊಳ್ಳುತ್ತ ಇರುತ್ತದೆ. ಬೇರಿಲ್ಲದ್ದರಿಂದ ಕಳೆದುಕೊಂಡಿದ್ದನ್ನು ತುಂಬಿಕೊಳ್ಳುವ ದಾರಿಯಿಲ್ಲ. ಟ್ಯುಲಿಪ್‌ನ ವಿಷಯದಲ್ಲಿ ಇದು ಇನ್ನೂ ಬಿಗಿ. ಅದರ ಗಡ್ಡೆಗೆ ಒಂದೇ ವರ್ಷದ ಆಯುಸ್ಸು. ನೆಟ್ಟ ಗಡ್ಡೆ ಹೂ ಕೊಟ್ಟು ಸವೆದುಹೋಗುತ್ತದೆ, ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರದಿಂದ ಅದರ ಮಗ್ಗುಲಲ್ಲಿ ಹೊಸ ಮರಿಗಡ್ಡೆಗಳು ಕಟ್ಟುತ್ತವೆ. ಬಾಳೆಯ ಲೆಕ್ಕವೇ ಇದು: ಗೊನೆ ಬಿಟ್ಟ ತಾಯಿ ಹೋಗುತ್ತದೆ, ಕಂದು ಉಳಿಯುತ್ತದೆ. ಈ ವಸಂತದಲ್ಲಿ ಎಲೆಯೇ ಬರದಿದ್ದರೆ ಕಂದೂ ಇಲ್ಲ. ಆದ್ದರಿಂದ ತಡವಾಗಿ ನೆಟ್ಟು ಹೂ ಸಿಗದೆ ಬರೀ ಎಲೆ ಬಂದರೂ ಗಡ್ಡೆ ಉಳಿದಂತೆ. ಎತ್ತಿಟ್ಟರೆ ಅಕ್ಟೋಬರಿನಲ್ಲಿ ನಿಮ್ಮ ಕೈಗೆ ಬರುವುದು ಒಣ ಸಿಪ್ಪೆ, ಇಲ್ಲವೇ ಪುಡಿ.

ಇನ್ನು ‘ತಡವಾಯಿತೇ?’ ಎಂಬ ಪ್ರಶ್ನೆ. ಎಲ್ಲರೂ ಕ್ಯಾಲೆಂಡರ್ ನೋಡಿ ಇದಕ್ಕೆ ಉತ್ತರ ಹುಡುಕುತ್ತಾರೆ. ನೋಡಬೇಕಾದ್ದು ಗಡ್ಡೆ ಇಷ್ಟು ದಿನ ಎಲ್ಲಿ ಬಿದ್ದಿತ್ತು ಎಂಬುದನ್ನು. ನಿಮ್ಮ ಗ್ಯಾರೇಜಿನ ಟ್ಯುಲಿಪ್‌ಗೂ ಬೇಸ್‌ಮೆಂಟಿನ ಟ್ಯುಲಿಪ್‌ಗೂ ಒಂದೇ ಅಂಗಡಿ, ಒಂದೇ ದಿನಾಂಕ. ಆದರೂ ಇವತ್ತು ಅವೆರಡರ ಸ್ಥಿತಿ ಪೂರಾ ಬೇರೆ.

ಚಳಿಯ ಲೆಕ್ಕ

ವಸಂತದಲ್ಲಿ ಅರಳುವ ಈ ಗಡ್ಡೆಗಳ ಒಳಗೆ ಹೂವು ಆಗಲೇ ತಯಾರಾಗಿದೆ. ಡ್ಯಾಫೊಡಿಲ್‌ನಲ್ಲಿ ಅದು ಬೇಸಿಗೆಯ ಆರಂಭದಲ್ಲಿ, ಗಡ್ಡೆಯನ್ನು ನೆಲದಿಂದ ಕೀಳುವ ಮೊದಲೇ ಮೂಡಿರುತ್ತದೆ. ಟ್ಯುಲಿಪ್, ಹಯಸಿಂತ್‌ಗಳಲ್ಲಿ ಕಿತ್ತ ಮೇಲೆ ಬೆಚ್ಚಗಿನ ದಾಸ್ತಾನಿನಲ್ಲಿ ಮೂಡುತ್ತದೆ. ಚಳಿಗಾಲದ ಕೆಲಸ ಹೂವನ್ನು ಹುಟ್ಟಿಸುವುದಲ್ಲ, ಆ ಪುಟ್ಟ ಹೂವಿನ ಕೆಳಗಿನ ದಂಟು ಉದ್ದವಾಗಲು ಗಡ್ಡೆಯನ್ನು ಸಿದ್ಧಮಾಡುವುದು. 2ರಿಂದ 9 ಡಿಗ್ರಿ ಸೆಲ್ಸಿಯಸ್ (ಸುಮಾರು 35ರಿಂದ 48 ಡಿಗ್ರಿ ಫ್ಯಾರನ್‌ಹೀಟ್) ತಂಪಿನಲ್ಲಿ ವಾರಗಟ್ಟಲೆ ಇದ್ದರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತ ಹೋಗುತ್ತದೆ, ದಂಟಿನ ಕೋಶಗಳು ಹಿಗ್ಗಲು ಅಣಿಯಾಗುತ್ತವೆ. ಚಳಿ ಸಾಲದಿದ್ದರೆ ಟ್ಯುಲಿಪ್ ನಾಲ್ಕು ಬೆರಳು ಎತ್ತರಕ್ಕೇ ನಿಂತು ಎಲೆಗಳ ಸಂದಿಯಲ್ಲೇ ಅರಳುತ್ತದೆ, ಇಲ್ಲವೇ ಮೊಗ್ಗು ಕಾಗದದಂತೆ ಒಣಗುತ್ತದೆ. ಹಯಸಿಂತ್‌ನ ಗೊಂಚಲು ಕುತ್ತಿಗೆಯಲ್ಲೇ ಸಿಕ್ಕಿಕೊಂಡು ಕೂರುತ್ತದೆ.

ಬೇಕಾದ ಚಳಿ ಸ್ಥೂಲವಾಗಿ ಹೀಗೆ: ಟ್ಯುಲಿಪ್‌ಗೆ 12ರಿಂದ 16 ವಾರ, ಡ್ಯಾಫೊಡಿಲ್‌ಗೆ 12ರಿಂದ 15, ಹಯಸಿಂತ್‌ಗೆ 10ರಿಂದ 14, ಕ್ರೋಕಸ್‌ಗೆ 8 ವಾರವಾದರೂ ಬೇಕು.

ಈ ಲೆಕ್ಕ ಮಣ್ಣಿನಲ್ಲೇ ತುಂಬಬೇಕೆಂದಿಲ್ಲ. ಒಣ ಗಡ್ಡೆಗೆ ಸಿಕ್ಕಿದ ಚಳಿಯೂ ಜಮೆಯಾಗುತ್ತದೆ. ಹಾಲೆಂಡಿನ ಬೆಳೆಗಾರರು ಒಣ ಟ್ಯುಲಿಪ್ ಗಡ್ಡೆಗಳನ್ನು 5 ಡಿಗ್ರಿಯ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಆಮೇಲೆ ನೇರ ಹಸಿರುಮನೆಯಲ್ಲಿ ನೆಟ್ಟು ಹೂ ತೆಗೆಯುವುದು ಈ ಬಲದಿಂದಲೇ. ನ್ಯೂಜೆರ್ಸಿಯಲ್ಲಿ ಮನೆಗೆ ಅಂಟಿಕೊಂಡ, ಹೀಟರ್ ಇಲ್ಲದ ಗ್ಯಾರೇಜು ನವೆಂಬರ್ ಮಧ್ಯದಿಂದ ಹೆಚ್ಚುಕಡಿಮೆ ಇದೇ ತಂಪಿನಲ್ಲಿರುತ್ತದೆ. ಅಂದರೆ ನಿಮ್ಮ ಗ್ಯಾರೇಜಿನ ಟ್ಯುಲಿಪ್, ಡ್ಯಾಫೊಡಿಲ್‌ಗಳ ಖಾತೆಯಲ್ಲಿ ಆಗಲೇ ಎಂಟೊಂಬತ್ತು ವಾರದ ಚಳಿ ಇದೆ. ಈಗ ನೆಟ್ಟರೆ ಮಾರ್ಚ್ ಕೊನೆಯೊಳಗೆ ಇನ್ನೂ ಹತ್ತು ವಾರ ಸೇರುತ್ತದೆ. ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಅವುಗಳಿಗೆ ಇನ್ನು ಬೇಕಿರುವುದು ಚಳಿಯಲ್ಲ, ಬೇರು.

ಬೇಸ್‌ಮೆಂಟಿನವಕ್ಕೆ ಫರ್ನೆಸ್ ಪಕ್ಕ 18-20 ಡಿಗ್ರಿಯಲ್ಲಿ ಸಿಕ್ಕಿದ್ದು ಸೊನ್ನೆ. ಜನವರಿ 15ಕ್ಕೆ ನೆಟ್ಟರೆ 12 ವಾರ ತುಂಬುವುದು ಏಪ್ರಿಲ್ 9ಕ್ಕೆ, 14 ವಾರ ತುಂಬುವುದು ಏಪ್ರಿಲ್ 23ಕ್ಕೆ. ನಿಮ್ಮ ಕಡೆ ಗೇಣುದ್ದ ಆಳದ ಮಣ್ಣು ಸಾಮಾನ್ಯವಾಗಿ ಏಪ್ರಿಲ್ ಮೊದಲ ಪಕ್ಷದವರೆಗೂ 10 ಡಿಗ್ರಿಯ ಒಳಗೇ ಇರುತ್ತದೆ. ಕ್ರೋಕಸ್ ಆರಾಮಾಗಿ ದಾಟುತ್ತದೆ, ಹಯಸಿಂತ್ ದಾಟುತ್ತದೆ, ಟ್ಯುಲಿಪ್ ಅಂಚಿನಲ್ಲಿದೆ. ಈ 30 ಟ್ಯುಲಿಪ್‌ಗಳಿಗೆ ಒಂದೊಂದು ವಾರವೂ ತೂಕದ್ದು.

ಮೊದಲು ಆರಿಸಿ

ಕೈಗವಸು ಹಾಕಿಕೊಳ್ಳಿ. ಹಯಸಿಂತ್ ಗಡ್ಡೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಕೆಸುವಿನ ದಂಟು ಮುಟ್ಟಿದಂಥದೇ ತುರಿಕೆ. ಟ್ಯುಲಿಪ್, ಡ್ಯಾಫೊಡಿಲ್‌ಗಳೂ ಕೆಲವರ ಬೆರಳಿಗೆ ಒಗ್ಗುವುದಿಲ್ಲ.

ಎಲ್ಲವನ್ನೂ ಹಳೇ ಪೇಪರಿನ ಮೇಲೆ ಹರವಿ ಒಂದೊಂದನ್ನೇ ಎತ್ತಿ ನೋಡಿ. ಒಳ್ಳೆಯ ಗಡ್ಡೆ ಗಟ್ಟಿ ಈರುಳ್ಳಿಯಂತೆ ಕೈಗೆ ಭಾರ ಅನ್ನಿಸಬೇಕು. ಬುಡದ ಬಿಲ್ಲೆಯನ್ನು, ಅಂದರೆ ಬೇರು ಹೊರಡುವ ಆ ಚಪ್ಪಟೆ ಜಾಗವನ್ನು, ಹೆಬ್ಬೆರಳಿನಿಂದ ಒತ್ತಿ. ಬಗ್ಗದಿದ್ದರೆ ಪಾಸು. ಕಂದು ಸಿಪ್ಪೆ ಉದುರಿದ್ದರೆ ಚಿಂತೆಯಿಲ್ಲ. ನೀಲಿ-ಹಸಿರು ಬೂಷ್ಟು ಸಿಪ್ಪೆಯ ಮೇಲಷ್ಟೇ ಇದ್ದು ಗಡ್ಡೆ ಗಟ್ಟಿಯಿದ್ದರೆ ಒಣಬಟ್ಟೆಯಲ್ಲಿ ಒರೆಸಿ ನೆಡಿ. ಅದು ಮಳೆಗಾಲದಲ್ಲಿ ಚಪ್ಪಲಿಗೆ ಬರುವ ಬೂಷ್ಟಿನಷ್ಟೇ ಮೇಲ್ಮೇಲಿನದು. ಮೆತ್ತಗಾಗಿ ಹುಳಿ ವಾಸನೆ ಬರುತ್ತಿದ್ದರೆ, ಬುಡದಿಂದ ಕಂದಾಗಿ ಕೊಳೆಯುತ್ತಿದ್ದರೆ, ಒತ್ತಿದಾಗ ಒಳಗೆ ಪುಡಿಯಾದಂತಾದರೆ ಕಸಕ್ಕೆ ಹಾಕಿ. ಕಾಂಪೋಸ್ಟಿಗೆ ಬೇಡ, ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣು ಸೇರಿಕೊಂಡರೆ ಬಿಡುವುದಿಲ್ಲ. ಗ್ಯಾರೇಜಿನ ಗೋಡೆಗೆ ತಾಗಿದ್ದವು ಹಿಮಗಟ್ಟಿ ಕರಗಿದ್ದರೆ ಪದರಗಳು ಗಾಜಿನಂತೆ ಪಾರದರ್ಶಕವಾಗಿ ಪಿಚಪಿಚ ಎನ್ನುತ್ತವೆ. ಅವೂ ಹೋದಂತೆಯೇ.

ಕೊಳೆತ ಟ್ಯುಲಿಪ್ ಇನ್ನೊಂದು ಹಾನಿ ಮಾಡುತ್ತದೆ. ಫ್ಯುಸೇರಿಯಂ ಹಿಡಿದ ಗಡ್ಡೆ ಎಥಿಲೀನ್ ಅನಿಲ ಬಿಡುತ್ತದೆ, ಆ ಅನಿಲ ಪಕ್ಕದ ಗಟ್ಟಿ ಗಡ್ಡೆಯ ಒಳಗಿನ ಹೂವನ್ನು ಕೊಲ್ಲುತ್ತದೆ. ಮಾಗುವ ಸೇಬು, ಬಾಳೆಹಣ್ಣುಗಳಿಂದ ಬರುವುದೂ ಅದೇ ಅನಿಲ. ಚೀಲದಲ್ಲಿ ಒಂದೆರಡು ಕೊಳೆತಿದ್ದರೆ, ಅಥವಾ ಗ್ಯಾರೇಜಿನ ಅದೇ ಕಪಾಟಿನಲ್ಲಿ ಸೇಬಿನ ಡಬ್ಬ ಇಟ್ಟಿದ್ದರೆ, ಹೊರಗಿನಿಂದ ನೋಡಿ ಏನೂ ತಿಳಿಯುವುದಿಲ್ಲ.

ಅದಕ್ಕೇ ಒಂದೊಂದು ಗಡ್ಡೆಯನ್ನು ಬಲಿಕೊಡಿ. ಗ್ಯಾರೇಜಿನಿಂದ ಒಂದು, ಬೇಸ್‌ಮೆಂಟಿನಿಂದ ಒಂದು ಟ್ಯುಲಿಪ್ ತೆಗೆದು ತುದಿಯಿಂದ ಬುಡಕ್ಕೆ ಚೂಪಾದ ಚಾಕುವಿನಲ್ಲಿ ಸೀಳಿ. ಬಿಳಿ ಪದರಗಳ ನಟ್ಟನಡುವೆ ತಿಳಿಹಳದಿ ಮೊಳಕೆ ನಿಂತಿರುತ್ತದೆ. ಅದರ ಎಲೆಗಳನ್ನು ಸೂಜಿಯ ತುದಿಯಿಂದ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿದರೆ ಹೂವು ಕಾಣುತ್ತದೆ: ಆರು ಎಸಳು, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ, ಎಲ್ಲ ಸೇರಿ ಒಂದು ಭತ್ತದ ಕಾಳಿನಷ್ಟು. ಅದು ತೇವವಾಗಿ, ತಿಳಿಬಣ್ಣದಲ್ಲಿದ್ದರೆ ಆ ಚೀಲದ ಉಳಿದವನ್ನು ಧೈರ್ಯವಾಗಿ ನೆಡಿ. ಮೊಳಕೆ ಹಸಿರಾಗಿದ್ದು ನಡುವಿನ ಹೂವು ಮಾತ್ರ ಕಂದಾಗಿ ಮುರುಟಿದ್ದರೆ ಈ ವರ್ಷ ಆ ಚೀಲದಿಂದ ಎಲೆ ಬರುತ್ತದೆ, ಹೂ ಬರುವುದಿಲ್ಲ. ಅಂಥದ್ದನ್ನು ಮನೆಮುಂದಿನ ಪಾತಿಗೆ ಹಾಕದೆ ಹಿತ್ತಲ ಮೂಲೆಗೆ ಹಾಕಿ.

ಮೊಳೆತ ಗಡ್ಡೆ ಕೆಟ್ಟ ಗಡ್ಡೆಯಲ್ಲ. ಒಂದೆರಡು ಸೆಂಟಿಮೀಟರ್ ಮೊಳಕೆ ಬಂದಿದ್ದರೆ ಅದೂ ಮಣ್ಣಿನೊಳಗೆ ಹೋಗುವಂತೆ ನೆಡಿ, ಮುರಿಯಬೇಡಿ. ಬುಡದಲ್ಲಿ ಬಿಳಿ ಬೇರು ಇಣುಕಿದ್ದರೆ ಇನ್ನೂ ಜೋಪಾನ. ಟ್ಯುಲಿಪ್, ಡ್ಯಾಫೊಡಿಲ್‌ಗಳ ಬೇರು ಕವಲೊಡೆಯುವ ಜಾತಿಯದಲ್ಲ. ಮುರಿದ ಬೇರು ಮುರಿದದ್ದೇ. ನೀರಿನಲ್ಲಿ ನೆನೆಸುವ ಅಗತ್ಯವೂ ಇಲ್ಲ, ತೇವದ ಮಣ್ಣೇ ಸಾಕು.

ಯಾವುದು ಮೊದಲು?

ಒಂದೇ ದಿನ ಎಲ್ಲ ಆಗದಿದ್ದರೆ ಈ ಸರದಿ ಹಿಡಿಯಿರಿ. ಕ್ರೋಕಸ್ ಮೊದಲು, ಏಕೆಂದರೆ ಅಡಿಕೆ ಗಾತ್ರದ ಗಡ್ಡೆ ಬೆಚ್ಚಗಿನ ಬೇಸ್‌ಮೆಂಟಿನಲ್ಲಿ ಎಲ್ಲಕ್ಕಿಂತ ಬೇಗ ಒಣಗುತ್ತದೆ. ಎರಡನೆಯದು ಡ್ಯಾಫೊಡಿಲ್: ಹೂ ಬಿಡುವ ಮೊದಲು ಇದಕ್ಕೆ ಹೆಚ್ಚು ಬೇರು ಬೇಕು. ಆಮೇಲೆ ಬೇಸ್‌ಮೆಂಟಿನ ಟ್ಯುಲಿಪ್, ಹಯಸಿಂತ್. ಗ್ಯಾರೇಜಿನ ಟ್ಯುಲಿಪ್ ಕೊನೆಗೆ. ಅವು ಇನ್ನೊಂದು ವಾರ ಅಲ್ಲೇ ಇದ್ದರೂ ಚಳಿ ಪಡೆಯುತ್ತಲೇ ಇರುತ್ತವೆ.

ಕಲ್ಲಾದ ಮಣ್ಣಿನಲ್ಲಿ ನೆಡುವುದು

ನಿಮ್ಮ ಭಾಗದಲ್ಲಿ ಜನವರಿಯಲ್ಲಿ ಸಾಮಾನ್ಯವಾಗಿ ಹೆಪ್ಪುಗಟ್ಟುವುದು ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ. ಕೆಳಗೆ ಮಣ್ಣು ಮೆತ್ತಗೇ ಇರುತ್ತದೆ. ತರಗೆಲೆ ದಪ್ಪಗೆ ಬಿದ್ದ ಜಾಗ, ಮನೆಯ ದಕ್ಷಿಣದ ಗೋಡೆಯ ಬುಡ, ಹುಲ್ಲಿನ ಕೆಳಗಿನ ಮಣ್ಣು ಎಷ್ಟೋ ಸಲ ಹೆಪ್ಪೇ ಗಟ್ಟಿರುವುದಿಲ್ಲ. ಹಾರೆ ಅಥವಾ ದಪ್ಪ ಸ್ಕ್ರೂಡ್ರೈವರ್ ಚುಚ್ಚಿ ಜಾಗ ಹುಡುಕಿ. ಮಧ್ಯಾಹ್ನದ ಹೊತ್ತು, ಸೊನ್ನೆಗಿಂತ ಮೇಲಿರುವ ದಿನ ಆರಿಸಿಕೊಳ್ಳಿ. ಬಿಸಿನೀರು ಸುರಿದು ಕರಗಿಸುವ ಉಪಾಯ ಬೇಡ. ಆ ಹೊತ್ತಿಗೆ ಕೆಸರು, ರಾತ್ರಿಗೆ ಮಂಜುಗಡ್ಡೆ.

ಗಡ್ಡೆ ನೆಡಲೆಂದೇ ಮಾರುವ ಕೊಳವೆಯಂಥ ಸಾಧನ ಈಗ ಕೆಲಸಕ್ಕೆ ಬಾರದು. ಒಂದೊಂದಕ್ಕೂ ಗುಂಡಿ ತೋಡುವ ಬದಲು ಒಂದೇ ಕಾಲುವೆ ತೆಗೆಯಿರಿ. ಪಿಕಾಸಿಯಿಂದ ಮೇಲಿನ ಹೆಪ್ಪನ್ನು ಹಲಗೆ ಹಲಗೆಯಾಗಿ ಎಬ್ಬಿಸಿ ಪಕ್ಕಕ್ಕಿಡಿ, ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಕೆಳಗಿನ ಮೆತ್ತನೆ ಮಣ್ಣನ್ನು ಸನಿಕೆಯಿಂದ ತೆಗೆದು 20 ಸೆಂಟಿಮೀಟರ್ ಆಳ ಮಾಡಿ. 1 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಕಾಲುವೆಯಲ್ಲಿ ಸಾಲಿಗೆ 10ರಂತೆ ಮೂರು ಸಾಲು, ಸರಿಯಾಗಿ 30 ಟ್ಯುಲಿಪ್ ಹಿಡಿಯುತ್ತವೆ. ಬುಡದ ಬಿಲ್ಲೆಯನ್ನು ಕೆಳಗಿನ ಮಣ್ಣಿಗೆ ತುಸು ಒತ್ತಿ ಕೂರಿಸಿ. ಬಿಲ್ಲೆಗೂ ಮಣ್ಣಿಗೂ ನಡುವೆ ಗಾಳಿ ಉಳಿದರೆ ಬೇರು ಹಿಡಿಯುವುದು ತಡ.

ಮುಚ್ಚುವುದರಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ಎಬ್ಬಿಸಿದ ಹೆಪ್ಪುಗಟ್ಟಿದ ಹೆಂಟೆಗಳನ್ನೇ ಗಡ್ಡೆಯ ಮೇಲೆ ಹಾಕಿದರೆ ಸಂದುಗಳಲ್ಲಿ ಟೊಳ್ಳು ಉಳಿಯುತ್ತದೆ. ಅಲ್ಲಿ ನೀರು ನಿಲ್ಲುತ್ತದೆ, ಗಾಳಿ ಆಡಿ ಗಡ್ಡೆ ಒಣಗುತ್ತದೆ, ಇಲಿಗಳಿಗೆ ದಾರಿಯಾಗುತ್ತದೆ. ಹಿಂದಿನ ದಿನವೇ ಒಂದು ಘನ ಅಡಿಯ ಪಾಟಿಂಗ್ ಮಣ್ಣಿನ ಚೀಲ ತಂದು ಮನೆಯೊಳಗಿಡಿ. ಅದರಲ್ಲಿ ಸುಮಾರು 28 ಲೀಟರ್ ಇರುತ್ತದೆ, ಈ ಕಾಲುವೆಯಲ್ಲಿ ಗಡ್ಡೆಗಳನ್ನು ಹತ್ತು ಸೆಂಟಿಮೀಟರ್‌ವರೆಗೆ ಮುಚ್ಚಲು ಅಷ್ಟು ಸಾಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಆ ಹದಕ್ಕೆ ನೀರು ಚಿಮುಕಿಸಿ ಕಲೆಸಿಕೊಳ್ಳಿ. ಅದನ್ನು ಹಾಕಿ ಅಂಗೈಯಿಂದ ಒತ್ತಿದ ಮೇಲೆ ತೆಗೆದ ಮಣ್ಣು ಹಾಕಿ. ಹೆಪ್ಪಿನ ಹೆಂಟೆಗಳನ್ನು ಎಲ್ಲಕ್ಕಿಂತ ಮೇಲೆ ಒಡೆದು ಹರಡಿದರೆ ಸಾಕು, ಬಿಸಿಲು ಬಂದ ದಿನ ತಾವೇ ಕರಗಿ ಇಳಿಯುತ್ತವೆ. ಮೇಲೆ ಒಂದು ಸಲ ನೀರು ಹಾಯಿಸಿ, ಅದೂ ಮಧ್ಯಾಹ್ನ.

ತಡವಾಯಿತೆಂದು ಆಳ ಕಡಿಮೆ ಮಾಡಬೇಡಿ. ಟ್ಯುಲಿಪ್‌ಗೆ 15ರಿಂದ 20 ಸೆಂಟಿಮೀಟರ್, ಡ್ಯಾಫೊಡಿಲ್, ಹಯಸಿಂತ್‌ಗಳಿಗೆ 15, ಕ್ರೋಕಸ್‌ಗೆ 8ರಿಂದ 10. ಬೇರು ಬಿಡದ ಗಡ್ಡೆಯನ್ನು ಮೇಲೆಮೇಲೆ ನೆಟ್ಟರೆ, ಮಣ್ಣು ಹೆಪ್ಪುಗಟ್ಟಿ ಕರಗುವಾಗಿನ ಉಬ್ಬರಕ್ಕೆ ಫೆಬ್ರವರಿಯಲ್ಲಿ ಅದು ನೆಲದ ಮೇಲೆ ಬಂದು ಬಿದ್ದಿರುತ್ತದೆ.

ಬೇಸ್‌ಮೆಂಟಿನ 30 ಟ್ಯುಲಿಪ್‌ಗೆ ಇನ್ನೂ ಒಂದು ಕಾಳಜಿ. ಅವನ್ನು ಮನೆಯ ಉತ್ತರಕ್ಕೋ ಪೂರ್ವಕ್ಕೋ, ಪೂರ್ತಿ 20 ಸೆಂಟಿಮೀಟರ್ ಆಳದಲ್ಲಿ ನೆಡಿ. ಅಲ್ಲಿ ಮಣ್ಣು ತಡವಾಗಿ ಬೆಚ್ಚಗಾಗುತ್ತದೆ, ನಿಮಗೆ ಬೇಕಿರುವುದೂ ಅದೇ. ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆಯ ಹೊದಿಕೆ ಹಾಕಿ, ಚಿಗುರು ಕಾಣುವವರೆಗೂ ತೆಗೆಯಬೇಡಿ. ಹಿಮ ಬಿದ್ದಾಗ ಅಂಗಳದ ಹಿಮವನ್ನು ಆ ಪಾತಿಯ ಮೇಲೆ ರಾಶಿ ಹಾಕಿದರೆ ಚಳಿ ಇನ್ನಷ್ಟು ದಿನ ನಿಲ್ಲುತ್ತದೆ. ಡ್ರೈವ್‌ವೇಯ ಹಿಮ ಮಾತ್ರ ಬೇಡ, ಅದರಲ್ಲಿ ಉಪ್ಪಿರುತ್ತದೆ.

ಡ್ಯಾಫೊಡಿಲ್‌ಗಳನ್ನು ಸಾಲಿನಲ್ಲಿಡುವುದಕ್ಕಿಂತ ಒಂದು ಗುಂಡಿಗೆ ಆರರಂತೆ ಐದು ಗುಂಡಿಗಳಲ್ಲಿ ಹಾಕಿ. ಅವು ವರ್ಷವರ್ಷವೂ ಹೆಚ್ಚುವ ಜಾತಿ, ಗುಂಪಾಗಿ ಚೆನ್ನ. ಎಲೆ ಉದುರಿಸುವ ಮೇಪಲ್ ಮರದ ಕೆಳಗಾದರೂ ಸರಿ. ಕ್ರೋಕಸ್‌ಗೆ ಸುಲಭದ ದಾರಿ ಹುಲ್ಲುಹಾಸು. ಸನಿಕೆಯಿಂದ ಹುಲ್ಲಿನ ಚಾಪೆಯನ್ನು ಮೂರು ಕಡೆ ಕತ್ತರಿಸಿ ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗಿನ ಮಣ್ಣು ಸಡಿಲಿಸಿ 25 ಗಡ್ಡೆ ಜೋಡಿಸಿ, ಮತ್ತೆ ಮುಚ್ಚಿ ತುಳಿಯಿರಿ. ಇಂಥ ಎರಡು ಹಾಳೆಗೆ ನಿಮ್ಮ 50 ಮುಗಿಯುತ್ತವೆ. (ಕ್ರೋಕಸ್ ನಮ್ಮ ಕೇಸರಿಯ ಬಳಗವೇ. ಆದರೆ ಕೇಸರಿ ಶರತ್ಕಾಲದ ಹೂವು. ನಿಮ್ಮ ಗಡ್ಡೆಯಿಂದ ಕೇಸರಿ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಹಾಲಿಗೆ ಹಾಕಬೇಡಿ.)

ಪಿಕಾಸಿಗೂ ಬಗ್ಗದಷ್ಟು ನೆಲ ಗಟ್ಟಿಯಾಗಿದ್ದರೆ ಅಗೆಯುವ ಹಟವೇ ಬೇಡ. ಗಡ್ಡೆಗಳನ್ನು ನೆಲದ ಮೇಲೆ ಜೋಡಿಸಿ, ಸುತ್ತ ಹಲಗೆ ಕಟ್ಟಿ, ಮೇಲೆ 15 ಸೆಂಟಿಮೀಟರ್ ಮಣ್ಣು-ಕಾಂಪೋಸ್ಟ್ ಸುರಿದು ಎತ್ತರದ ಪಾತಿ ಮಾಡಿ. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ಹೂಗಡ್ಡೆ ಸಂಶೋಧಕರು ಸಡಿಲಿಸಿದ ಮಣ್ಣಿನ ಮೇಲೆ ಟ್ಯುಲಿಪ್ ಇಟ್ಟು ಬರೀ 2ರಿಂದ 4 ಅಂಗುಲ ಮಲ್ಚ್ (ತೊಗಟೆಚೂರು, ತರಗೆಲೆಯಂಥ ಹೊದಿಕೆ) ಹೊದಿಸಿಯೂ ಒಳ್ಳೆಯ ಹೂ ತೆಗೆದಿದ್ದಾರೆ. ನ್ಯೂಜೆರ್ಸಿಯ ನಡುಭಾಗದ ಕೆಂಪು ಜೇಡಿಮಣ್ಣಿಗೆ ಎತ್ತರದ ಪಾತಿಯೇ ಮೇಲು ಎಂದರೂ ತಪ್ಪಲ್ಲ. ಜೇಡಿಯಲ್ಲಿ ಗುಂಡಿ ತೋಡಿ ತಳಕ್ಕೆ ಮರಳು ಹಾಕುವವರಿದ್ದಾರೆ. ಸುತ್ತಲ ನೀರೆಲ್ಲ ಆ ಮರಳಿಗೆ ಇಳಿದು ಗಡ್ಡೆ ಬಾವಿಯಲ್ಲಿ ಕೂತಂತಾಗುತ್ತದೆ.

ಗುಂಡಿಗೆ ಗೊಬ್ಬರ ಬೇಡ. ಬೇರಿಲ್ಲದ ಗಡ್ಡೆ ಅದನ್ನು ಉಣ್ಣಲಾರದು. ಹಸಿ ಸಗಣಿಗೊಬ್ಬರ ಕೊಳೆಸುತ್ತದೆ, ಎಲುಬಿನ ಪುಡಿಯ ವಾಸನೆಗೆ ನಾಯಿ, ರಕೂನ್‌ಗಳು ಬಂದು ಕೆದಕುತ್ತವೆ. ಚಿಗುರು ನೆಲ ಬಿಟ್ಟ ಮೇಲೆ ಸಾರಜನಕ ಕಡಿಮೆಯಿರುವ ಹೂಗಡ್ಡೆಯ ಗೊಬ್ಬರವನ್ನು ಚೀಲದ ಮೇಲೆ ಬರೆದ ಪ್ರಮಾಣದ ಅರ್ಧದಷ್ಟು ಹಾಕಿ, ಹೂ ಬಾಡಿದ ಮೇಲೆ ಉಳಿದರ್ಧ.

ಕುಂಡ ಮತ್ತು ಫ್ರಿಜ್

ಹಯಸಿಂತ್‌ಗಳನ್ನು ಕುಂಡಕ್ಕೆ ಹಾಕಿ, ಪರಿಮಳ ಮನೆಬಾಗಿಲಿಗೇ ಬರಲಿ. 15 ಸೆಂಟಿಮೀಟರ್ ಅಗಲದ ಕುಂಡಕ್ಕೆ ಮೂರು, ಹಾಗೆ ನಾಲ್ಕು ಕುಂಡ. ಕುಂಡದಲ್ಲಿ ಆಳ ಬೇಡ, ಗಡ್ಡೆಯ ಮೂತಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇದ್ದರೆ ಸಾಕು. ತಳದ ತೂತಿನಿಂದ ಹರಿಯುವವರೆಗೆ ನೀರು ಕೊಟ್ಟು ಗ್ಯಾರೇಜಿನಲ್ಲಿ ಮನೆಯ ಗೋಡೆಗೆ ಒತ್ತಿಡಿ. ಎರಡು ಮೂರು ವಾರಕ್ಕೊಮ್ಮೆ ಬೆರಳು ಅದ್ದಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮಣ್ಣಿನ ಕುಂಡ ಹೆಪ್ಪಿಗೆ ಸೀಳುತ್ತದೆ, ಪ್ಲಾಸ್ಟಿಕ್ಕಿನದೇ ಇರಲಿ. ಹೊರಗೆ ತೆರೆದ ಜಾಗದಲ್ಲಿ ಕುಂಡ ಬಿಟ್ಟರೆ ನಾಲ್ಕೂ ಕಡೆಯಿಂದ ಚಳಿ ಹೊಕ್ಕು ಬೇರು ಸಾಯುತ್ತದೆ. ನೆಲದಲ್ಲಿರುವ ಗಡ್ಡೆಗೆ ಈ ಅಪಾಯವಿಲ್ಲ. ತೂತಿನಲ್ಲಿ ಬೇರು ಕಂಡು, ಮೊಳಕೆ ಮೂರು ಬೆರಳು ಎದ್ದು, 12 ವಾರ ಆಗಿದ್ದರೆ ಬೆಳಕಿಗೆ ತನ್ನಿ. ಬೇಗ ತಂದರೆ ಆ ಕುತ್ತಿಗೆ ಹಿಡಿದ ಗೊಂಚಲೇ ಸಿಗುವುದು.

ಬೇಸ್‌ಮೆಂಟಿನಲ್ಲಿ ಎರಡನೇ ಫ್ರಿಜ್ ಇದ್ದರೆ ಕುಂಡಗಳನ್ನು ಅದರಲ್ಲೇ ಇಡಬಹುದು. ಅಡುಗೆಮನೆಯ ಫ್ರಿಜ್ಜಿನಲ್ಲಿ ಬಿಡಿ ಗಡ್ಡೆ ಇಡುವುದಾದರೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೂಷ್ಟು ಬರುತ್ತದೆ. ಸೇಬು, ಬಾಳೆ, ಪೇರಳೆ ಅದೇ ಫ್ರಿಜ್ಜಿನಲ್ಲಿ ಇರಲೇಬಾರದು. ಚೀಲದ ಮೇಲೆ ದೊಡ್ಡಕ್ಷರದಲ್ಲಿ ‘ಈರುಳ್ಳಿ ಅಲ್ಲ, ವಿಷ’ ಎಂದು ಬರೆಯಿರಿ. ಡ್ಯಾಫೊಡಿಲ್, ಹಯಸಿಂತ್ ಗಡ್ಡೆಗಳು ನೋಡಲು ಈರುಳ್ಳಿಯೇ, ಹುಳಿಗೆ ಹೆಚ್ಚಿ ಹಾಕಿದರೆ ಮನೆಮಂದಿಗೆಲ್ಲ ವಾಂತಿ. ಊರಿನಿಂದ ಹಿರಿಯರು ಬಂದಿರುವ ಮನೆಯಲ್ಲಿ, ನಾಯಿ ಬೆಕ್ಕು ಇರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಅಳಿಲು, ಜಿಂಕೆ

ಹೊಸದಾಗಿ ಕೆದಕಿದ ಮಣ್ಣು ಕಂಡರೆ ಅಳಿಲು ಬಿಡುವುದಿಲ್ಲ. ಜನವರಿಯಲ್ಲಿ ಅದಕ್ಕೆ ಬೇರೆ ಆಹಾರವೂ ಕಡಿಮೆ. ಉದುರಿದ ಕಂದು ಸಿಪ್ಪೆಯನ್ನು ಒಂದೂ ಬಿಡದೆ ಆರಿಸಿ ಎಸೆಯಿರಿ, ವಾಸನೆಯಿಂದಲೇ ಅದು ಜಾಗ ಹುಡುಕುವುದು. ಪಾತಿಯ ಮೇಲೆ ಒಂದಂಗುಲ ಕಣ್ಣಿನ ಕೋಳಿಬಲೆ ಹಾಸಿ, ಅಂಚುಗಳಿಗೆ ಇಟ್ಟಿಗೆ ಹೇರಿ, ಮೇಲೆ ತರಗೆಲೆ ಹರಡಿ. ಚಿಗುರು ಎರಡು ಬೆರಳು ಬಂದಾಗ ಬಲೆ ತೆಗೆದುಬಿಡಿ, ತಡಮಾಡಿದರೆ ಎಲೆ ಸಿಕ್ಕಿಕೊಂಡು ಹರಿಯುತ್ತದೆ. ಮೆಣಸಿನಪುಡಿ ಉದುರಿಸುವುದು ಒಂದು ಮಳೆಗೆ ತೊಳೆದುಹೋಗುವ ಕೆಲಸ. ಗ್ಯಾರೇಜಿನ ಕುಂಡಕ್ಕೆ ಇಲಿಗಳ ಕಾಟ, ಅದಕ್ಕೂ ತಂತಿಬಲೆಯೇ ಮದ್ದು.

ಡ್ಯಾಫೊಡಿಲ್‌ಗೆ ಈ ಗೋಳಿಲ್ಲ. ಅದರಲ್ಲಿರುವ ಲೈಕೋರಿನ್ ಎಂಬ ವಿಷದಿಂದಾಗಿ ಅಳಿಲೂ ಜಿಂಕೆಯೂ ಮುಟ್ಟುವುದಿಲ್ಲ. ಟ್ಯುಲಿಪ್ ಮೊಗ್ಗೆಂದರೆ ಜಿಂಕೆಗೆ ಎಳೆ ಸೌತೆಕಾಯಿ. ನಿಮ್ಮ ಬೀದಿಯಲ್ಲಿ ಜಿಂಕೆ ಓಡಾಡುವುದಿದ್ದರೆ ಏಪ್ರಿಲ್‌ನಲ್ಲಿ ಮೊಗ್ಗು ಕಂಡ ದಿನವೇ ಬಲೆ ಕಟ್ಟಿ.

ಏನನ್ನು ಎದುರುನೋಡಬಹುದು

ಗ್ಯಾರೇಜಿನ ಟ್ಯುಲಿಪ್ ಊರಿನ ಉಳಿದ ಟ್ಯುಲಿಪ್‌ಗಳಿಗಿಂತ ಒಂದೆರಡು ವಾರ ತಡವಾಗಿ, ತುಸು ಗಿಡ್ಡವಾಗಿ ಅರಳುತ್ತದೆ. ಬೇಸ್‌ಮೆಂಟಿನದು ಮೇ ತಿಂಗಳಿಗೆ ಹೋಗುತ್ತದೆ, ಕೆಲವು ಮೊಗ್ಗು ಒಣಗಲೂಬಹುದು. ಡ್ಯಾಫೊಡಿಲ್‌ನಲ್ಲಿ ಈ ವರ್ಷ ಎಲೆಯೇ ಹೆಚ್ಚಿರಬಹುದು, ಆದರೆ ಅದು ಬರುವ ವರ್ಷ ತನ್ನ ಹೊತ್ತಿಗೆ ಸರಿಯಾಗಿ ಬರುತ್ತದೆ. ಹೂ ಬಾಡಿದ ಕೂಡಲೇ ತಲೆಯನ್ನಷ್ಟೇ ಚಿವುಟಿ, ಬೀಜ ಕಟ್ಟಲು ಬಿಡಬೇಡಿ. ಎಲೆಗಳನ್ನು ತಾವಾಗಿ ಹಳದಿಯಾಗುವವರೆಗೆ, ಅಂದರೆ ಸುಮಾರು ಆರು ವಾರ, ಕತ್ತರಿಸಬೇಡಿ. ಚೆನ್ನಾಗಿ ಕಾಣಲೆಂದು ಜಡೆ ಹೆಣೆದು ಕಟ್ಟಲೂಬೇಡಿ. ಕ್ರೋಕಸ್ ಇರುವ ಹುಲ್ಲಿಗೂ ಅಲ್ಲಿಯವರೆಗೆ ಯಂತ್ರ ಹಾಯಿಸಬೇಡಿ.

ಇದೇ ಪ್ರಶ್ನೆ ಬೇರೆ ಊರುಗಳಲ್ಲಿರುವವರಿಗೂ ಇರುತ್ತದೆ. ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆ ನೆಲ ಹೀಗೆ ಕಲ್ಲಾಗುವುದು ಅಪರೂಪ, ಜನವರಿಯಲ್ಲೂ ಸೀದಾ ನೆಡಿ. ಅಲ್ಲಿ ಟ್ಯುಲಿಪ್ ಫೈರ್ ಎಂಬ ಬೂಷ್ಟುರೋಗದ ಭಯದಿಂದ ಟ್ಯುಲಿಪ್ಪನ್ನು ಬೇಕೆಂದೇ ನವೆಂಬರಿಗೆ ತಡಮಾಡುತ್ತಾರೆ. ಟೊರಾಂಟೊ, ಮಿನಿಯಾಪೊಲಿಸ್‌ನವರಿಗೆ ಈಗ ಕುಂಡವೇ ಗತಿ. ಹ್ಯೂಸ್ಟನ್, ಸ್ಯಾನ್‌ಹೋಸೆ ಕಡೆ ನೆಲದ ಚಳಿ ಟ್ಯುಲಿಪ್‌ಗೆ ಸಾಲದು. ಅಕ್ಟೋಬರಿನಿಂದಲೇ ಫ್ರಿಜ್ಜಿನಲ್ಲಿಟ್ಟಿದ್ದ ಗಡ್ಡೆಯಾದರೆ ಈಗ ನೆಡಬಹುದು, ಕಪಾಟಿನಲ್ಲೇ ಇದ್ದದ್ದಾದರೆ ಅದರಿಂದ ಹೂವಿನ ಆಸೆ ಬಿಡಿ.

ಬೆಂಗಳೂರಿನ ತಂಗಿಗೆ ಮಾತ್ರ ಕೊಂಡೊಯ್ಯಬೇಡಿ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಗಡ್ಡೆ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ. ಶ್ರೀನಗರದಲ್ಲಿ ಟ್ಯುಲಿಪ್ ತೋಟವಿದೆಯಲ್ಲ ಎನ್ನಬಹುದು. ಅಲ್ಲಿ ಹಿಮ ಬೀಳುತ್ತದೆ, ಬೆಂಗಳೂರಿನ ಜನವರಿ ರಾತ್ರಿ 15 ಡಿಗ್ರಿಯ ಆಸುಪಾಸು. ಅವರಿಗೆ ಸುಗಂಧರಾಜ ಹೇಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’ ತಳಿಯ ಗಡ್ಡೆ ಸಿಕ್ಕರೆ ಮಾರ್ಚ್-ಏಪ್ರಿಲ್‌ನಲ್ಲಿ ಮೂರು ಬೆರಳು ಆಳಕ್ಕೆ, ಗೇಣಿಗೊಂದರಂತೆ ನೆಡಲಿ. ಅದಕ್ಕೆ ಚಳಿ ಬೇಕಿಲ್ಲ, ಬಿಸಿಲು ಬೇಕು. ಮೂರು ನಾಲ್ಕು ತಿಂಗಳಲ್ಲಿ ಮೊದಲ ಕಡ್ಡಿ ಬರುತ್ತದೆ.